ಒಡೆಯದ ಗಿಡ್ಡ ಸೂಜಿಯ ಪೊಟ್ಟಣ

ಮಾರ್ಚ್ ಹನ್ನೊಂದರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ದೂರು ವಿಚಿತ್ರವಾಗಿತ್ತು: ಯಾವುದೂ ಸತ್ತಿಲ್ಲ.

ದೂರುದಾರರು ಕ್ಷಯರೋಗ ಪ್ರಯೋಗಾಲಯದ ಡಾಕ್ಟರಮ್ಮ. ಒಂದೇ ಲಸಿಕೆಯನ್ನು ಹತ್ತು ಕೋತಿಗಳಿಗೆ ಚರ್ಮದ ಪದರಕ್ಕೆ, ಇನ್ನು ಹತ್ತಕ್ಕೆ ರಕ್ತನಾಳಕ್ಕೆ ಕೊಡಿಸಿ, ಆರು ತಿಂಗಳ ಮೇಲೆ ಎಲ್ಲವಕ್ಕೂ ಕ್ಷಯದ ಕ್ರಿಮಿ ಸೋಕಿಸಿದ್ದರು. ಯಾವ ದಾರಿಯಲ್ಲಿ ಹೋದರೆ ಲಸಿಕೆ ಹೆಚ್ಚು ಕಾಯುತ್ತದೆ ಎಂಬುದೇ ಅವರ ಮೂರು ವರ್ಷದ ಪ್ರಶ್ನೆ. ಚರ್ಮಕ್ಕೆ ಚುಚ್ಚಿಸಿಕೊಂಡವುಗಳಲ್ಲಿ ಕೆಲವಾದರೂ ಕಾಯಿಲೆ ಬೀಳಬೇಕಿತ್ತು. ಇಪ್ಪತ್ತೂ ಗಟ್ಟಿಮುಟ್ಟಾಗಿದ್ದವು. ಯಾರೋ ಪ್ರಯೋಗ ಕೆಡಿಸಿದ್ದಾರೆಂದು ಅವರ ಅನುಮಾನ.

ಯಾವ ಕಲಮಿನಡಿ ಎಫ್‌ಐಆರ್ ಬರೆಯುವುದೆಂದು ಇನ್‌ಸ್ಪೆಕ್ಟರ್ ಮುಕ್ಕಾಲು ಗಂಟೆ ಪುಸ್ತಕ ತಿರುವಿದರು.

"ಹೆಣ ಬೀಳ್ಲಿಲ್ಲ ಅಂತ ಕಂಪ್ಲೇಂಟ್ ತಗೋತಿರೋದು ನನ್ನ ಸರ್ವಿಸ್‌ನಲ್ಲೇ ಮೊದಲು ಸಾರ್," ಎಂದ ಹೆಡ್ ಕಾನ್‌ಸ್ಟೇಬಲ್.

"ಬಾಯಿ ಮುಚ್ಕೊಂಡು ಬರಿ."

ಕೊನೆಗೆ ಸುಳ್ಳು ದಾಖಲೆ ಸೃಷ್ಟಿಯೆಂದು ದಾಖಲಾಯಿತು.

ಎರಡು ದಿನ ವ್ಯರ್ಥವಾದವು. ಕೋತಿಗಳು ಅದಲುಬದಲಾಗಿರಲಿಲ್ಲ, ಪ್ರತಿಯೊಂದರ ಎದೆಯ ಮೇಲೂ ಹಚ್ಚೆಯ ಸಂಖ್ಯೆಯಿತ್ತು. ರಿಜಿಸ್ಟರಿನಲ್ಲಿ ಒಂದೂ ತಿದ್ದುಪಡಿಯಿಲ್ಲ. ಕೇಳಿದವರೆಲ್ಲ ಗೊತ್ತಿಲ್ಲವೆಂದರು, ಅದೂ ಬಹಳ ಮರ್ಯಾದೆಯಿಂದ. ಇನ್‌ಸ್ಪೆಕ್ಟರಿಗೆ ಬಂಡೆಗೆ ತಲೆ ಚಚ್ಚಿಕೊಂಡಂತಾಗಿತ್ತು.

ಹದಿಮೂರರ ಮಧ್ಯಾಹ್ನ ಅಲ್ಲಿಯ ಒಂದು ಪದ್ಧತಿ ತಿಳಿಯಿತು: ಬಳಸಿದ ಸೂಜಿಗಳನ್ನು ಪ್ರಯೋಗ ಮುಗಿಯುವವರೆಗೂ ಮೊಹರು ಹಾಕಿದ ಡಬ್ಬಿಯಲ್ಲಿ ಇಡುತ್ತಾರೆ. ಚರ್ಮಕ್ಕೆ ಗಿಡ್ಡ ಸೂಜಿ, ರಕ್ತನಾಳಕ್ಕೆ ಉದ್ದದ್ದು. ಪಂಚರ ಎದುರು ಮೊಹರು ಒಡೆದು ನೋಡಿದರೆ ಇಪ್ಪತ್ತೂ ಉದ್ದದವು. ಗಿಡ್ಡ ಸೂಜಿಯ ಪೊಟ್ಟಣ ಉಗ್ರಾಣದಲ್ಲಿ ಒಡೆಯದೆ ಕೂತಿತ್ತು. ಪಂಚನಾಮೆಗೆ ಸಹಿಯಾಯಿತು.

ಸೂಜಿ ಹಾಕಿದವನು ಒಬ್ಬನೇ: ಇಪ್ಪತ್ತಾರು ವರ್ಷದಿಂದ ಪ್ರಾಣಿಗಳನ್ನು ನೋಡಿಕೊಂಡಿದ್ದ ಟೆಕ್ನಿಷಿಯನ್. ಪಂಜರಗಳ ಕೋಣೆಯಲ್ಲೇ, ಡಾಕ್ಟರಮ್ಮನ ಎದುರು, ಇನ್‌ಸ್ಪೆಕ್ಟರ್ ವಿಚಾರಣೆ ನಡೆಸಿದರು. ಕಂಬಿಗಳ ನಡುವಿನಿಂದ ಒಂದು ಕೋತಿ ಕೈಚಾಚಿ ಅವನ ಜೇಬು ತಡಕುತ್ತಿತ್ತು.

"ಎಲ್ಲವಕ್ಕೂ ನರಕ್ಕೇ ಹಾಕಿದ್ಯಾ?"

"ಹೌದು ಸಾರ್."

"ಯಾರು ಹೇಳಿದ್ರು?"

"ಯಾರೂ ಇಲ್ಲ. ನನ್ನ ತಂಗಿ ತೋಳಲ್ಲೂ ಆ ಲಸಿಕೆ ಕಲೆ ಇತ್ತು. ಚರ್ಮಕ್ಕೇ ಹಾಕಿದ್ದು. ಕೆಮ್ಮಿ ಕೆಮ್ಮಿ ಹೋದ್ಲು. ನನ್ನ ಕೈಯಿಂದ ದಿನಾ ತಿನ್ನೋವಕ್ಕೆ ಗೊತ್ತಿದ್ದೂ ಗೊತ್ತಿದ್ದೂ ಅದನ್ನೇ ಹೇಗೆ ಹಾಕ್ಲಿ?"

ಡಾಕ್ಟರಮ್ಮ ಗದರಲಿಲ್ಲ. "ಅಣ್ಣಾ, ನರಕ್ಕೆ ಹಾಕೋದೇ ಮೇಲು ಅಂತ ಈಗ ಯಾವ ಬಾಯಲ್ಲಿ ಹೇಳ್ಲಿ? ಹೋಲಿಸೋಕೆ ಒಂದನ್ನೂ ಉಳಿಸ್ಲಿಲ್ಲ ನೀವು. ಮತ್ತೆ ಇಪ್ಪತ್ತು ತರಿಸಬೇಕು."

"ಅವುಗಳಲ್ಲೂ ಹತ್ತಕ್ಕೆ ಚರ್ಮಕ್ಕಾ?"

ಅವರು ಹೌದೆಂದು ತಲೆಯಾಡಿಸಿದರು.

ಸಂಜೆ ನಾಲ್ಕು ನಲವತ್ತಕ್ಕೆ ಬಂಧನವಾಯಿತು. ಕೇಸ್ ಡೈರಿಯಲ್ಲಿ ಇನ್‌ಸ್ಪೆಕ್ಟರ್ ಬರೆದರು: ಆರೋಪಿಗೆ ಸ್ವಂತ ಲಾಭದ ಉದ್ದೇಶವಿರಲಿಲ್ಲ. ತಾನು ಉಳಿಸಿದ ಹತ್ತರ ಜಾಗಕ್ಕೆ ಬೇರೆ ಹತ್ತು ಬರಲಿವೆಯೆಂಬುದು ಆತನಿಗೆ ತಿಳಿದದ್ದು ಬಂಧನಕ್ಕೆ ಐದು ನಿಮಿಷ ಮೊದಲು.