ಹೊನ್ನಳಿವೆಯ ಮೂರು ಅಪಶಕುನಗಳು

ಹಡಗುಗಳು ಗಾಳಿಯ ಮರ್ಜಿ ನೋಡಿ ಹೊರಡುತ್ತಿದ್ದ ಕಾಲದಲ್ಲಿ, ಹೊಳೆಯೊಂದು ಕಡಲು ಸೇರುವ ಕಡೆ ಹೊನ್ನಳಿವೆ ಎಂಬ ರಾಜ್ಯವಿತ್ತು. ಗೊಜ್ಜಿಗ ಎಂಬ ಅರಸ ಅದನ್ನು ಆಳುತ್ತಿದ್ದ. ಮಳೆ ನಿಂತು ಕಡಲು ಸಮಾಧಾನಕ್ಕೆ ಬಂದ ಮೇಲೆ ಪಡುವಣದಿಂದ ಯವನರ ಹಡಗುಗಳು ಬರುತ್ತಿದ್ದವು. ಅವರು ದ್ರಾಕ್ಷಿಯ ಮದ್ಯವನ್ನೂ ಗಾಜಿನ ಮಣಿಗಳನ್ನೂ ಇಳಿಸಿ, ಮೆಣಸು ತುಂಬಿಕೊಂಡು ಹೋಗುತ್ತಿದ್ದರು. ಅವರಿದ್ದಷ್ಟು ದಿನ ಸಂಜೆಯಾದರೆ ಊರಿಗೆ ಊರೇ ದಡದ ಮೇಲಿರುತ್ತಿತ್ತು. ಹೆಂಗಸರು ಮೀನು ಸುಡುತ್ತಿದ್ದರು, ನಾವಿಕರು ಹಾಡುತ್ತಿದ್ದರು, ಮಕ್ಕಳು ಯವನರ ಭಾಷೆಯಲ್ಲಿ ಬೈಗುಳ ಕಲಿತು ಮನೆಯಲ್ಲಿ ಪೆಟ್ಟು ತಿನ್ನುತ್ತಿದ್ದರು.

ಆ ಊರಿನಲ್ಲಿ ಮಿರ್ಟೋ ಎಂಬ ಯವನ ಮುದುಕಿ ಇದ್ದಳು. ಎಳೆಯ ಹುಡುಗಿಯಾಗಿದ್ದಾಗ ಅಪ್ಪನ ಹಡಗಿನಲ್ಲಿ ಬಂದವಳು ಜ್ವರ ಬಿದ್ದಳು. ಅಪ್ಪ ಅವಳನ್ನು ದೋಣಿ ಕಟ್ಟುವವರ ಮನೆಯಲ್ಲಿ ಬಿಟ್ಟು, ಬರುವ ವರ್ಷ ಕರೆದೊಯ್ಯುತ್ತೇನೆ ಎಂದು ಹೋದ. ಆ ಹಡಗು ಮತ್ತೆ ಬರಲಿಲ್ಲ. ಮಿರ್ಟೋ ಅಲ್ಲೇ ಬೆಳೆದಳು, ಅಲ್ಲೇ ಮದುವೆಯಾದಳು, ಗಂಡನನ್ನೂ ಮಗಳನ್ನೂ ಅಲ್ಲೇ ಕಳೆದುಕೊಂಡಳು. ಈಗ ಅವಳಿಗೆ ಉಳಿದವನು ಮಗಳ ಮಗ ಏಚ. ಅವನು ಹೊಳೆ ದಾಟಿಸುವ ದೋಣಿ ನಡೆಸುತ್ತಿದ್ದ.

ಒಂದು ವರ್ಷ ಬಂದ ಹಡಗಿನಿಂದ ಲೈಕೋನ್ ಎಂಬ ಮಾಂತ್ರಿಕ ಇಳಿದ. ಅವನು ಯಾರೊಡನೆಯೂ ಮಾತಾಡಲಿಲ್ಲ. ಅಳಿವೆಯ ಆಚೆ ಇದ್ದ ಕರಿಕುರುವ ಎಂಬ ದ್ವೀಪಕ್ಕೆ ಹೋಗಿ ಕಲ್ಲಿನ ಗೋಪುರ ಎಬ್ಬಿಸಿಕೊಂಡು ಕುಳಿತ. ಅಲ್ಲಿಂದ ತನ್ನ ಭಾಷೆಯ ಮೂರು ಮಾತುಗಳನ್ನು ಊರಿನ ಮೇಲೆ ಬಿಟ್ಟ.

ಮೊದಲನೆಯದು ಓಯೋನೋಸ್. ಅದು ಹಡಗಿನ ಹಾಯಿಯಷ್ಟು ದೊಡ್ಡ ಹಕ್ಕಿಯಾಗಿ ಬಂತು. ಅದು ಎಡಗಡೆ ಹಾರಿದರೆ ನೋಡಿದವರ ಕಾಲು ಕಲ್ಲಾಗುತ್ತಿತ್ತು. ದೋಣಿಗಳು ನೀರಿಗಿಳಿಯುವುದು ನಿಂತಿತು. ಎರಡನೆಯದು ಕ್ಲೇಡೋನ್. ಅದು ಬೂದುಬಣ್ಣದ ನರಿಯಾಗಿ ಬಂದು, ದಾರಿಯಲ್ಲಿ ಹೋಗುವವರ ಕಿವಿಗೆ ಯಾರದೋ ಅರ್ಧ ಮಾತು ಹಾಕಿ ಓಡುತ್ತಿತ್ತು. ಕೇಳಿದವರು ಅದನ್ನೇ ಹಣೆಬರಹ ಎಂದು ನಂಬಿ ಮನೆ ಸೇರಿ ಬಾಗಿಲು ಹಾಕಿಕೊಂಡರು. ಮೂರನೆಯದು ಬಸ್ಕಾನಿಯಾ. ಅದಕ್ಕೆ ಆಕಾರವಿರಲಿಲ್ಲ, ಬರೀ ದೃಷ್ಟಿ. ಚೆಂದವಾಗಿದ್ದುದರ ಮೇಲೆಲ್ಲ ಬಿದ್ದು ಬಾಡಿಸುತ್ತಿತ್ತು. ತಾಯಂದಿರು ಮಕ್ಕಳ ಮುಖಕ್ಕೆ ಮಸಿ ಬಳಿದು ಒಳಗೆ ಕೂಡಿಹಾಕಿದರು.

ದಡದ ಮೇಲೆ ಹುಲ್ಲು ಬೆಳೆಯಿತು. ಯವನರ ಹಡಗುಗಳೂ ಬರುವುದನ್ನು ಬಿಟ್ಟವು.

ಆಗ ಮಂತ್ರಿಗಳು ಅರಸನಿಗೆ ಹೇಳಿದರು: "ಒಡೆಯಾ, ಇವು ಯವನರ ಮಾತು. ಊರಿನಲ್ಲಿ ಆ ಭಾಷೆ ಬಲ್ಲವಳು ಆ ಮುದುಕಿ ಒಬ್ಬಳೇ. ಅವಳನ್ನು ಕಡಲಿಗೆ ಕಳಿಸಿಬಿಟ್ಟರೆ ಮಾತುಗಳೂ ಅವಳ ಹಿಂದೆ ಹೋಗುತ್ತವೆ."

ಹೆದರಿದ್ದ ಅರಸ ಒಪ್ಪಿದ. ಅಮಾವಾಸ್ಯೆಯ ಸಂಜೆ ನೀರು ಇಳಿಯುವಾಗ ಮಿರ್ಟೋಳನ್ನು ಹುಟ್ಟಿಲ್ಲದ ದೋಣಿಯಲ್ಲಿ ಕೂರಿಸಿ ಬಿಡಬೇಕೆಂದು ಅಪ್ಪಣೆಯಾಯಿತು.

ಏಚ ಸುದ್ದಿ ತಂದಾಗ ಮಿರ್ಟೋ ಅಂಗಳದಲ್ಲಿ ಕುಳಿತು ಬಲೆ ಹೊಲಿಯುತ್ತಿದ್ದಳು.

"ಅಮಾವಾಸ್ಯೆಗೆ ಮೊದಲು ನಾನು ಕರಿಕುರುವಕ್ಕೆ ಹೋಗುತ್ತೇನೆ ಅಜ್ಜಿ," ಎಂದ ಏಚ. "ಆ ಮಾತುಗಳ ಅರ್ಥ ಹೇಳು."

ಮಿರ್ಟೋ ಸೂಜಿ ಕೆಳಗಿಟ್ಟಳು. ಆ ಮಾತುಗಳನ್ನು ಒಂದೊಂದಾಗಿ ಬಾಯೊಳಗೆ ಹೊರಳಿಸಿ ನೋಡಿದಳು.

"ಓಯೋನೋಸ್ ಅಂದರೆ ನಮ್ಮ ದ್ವೀಪದಲ್ಲಿ ಒಂಟಿಯಾಗಿ ಹಾರುವ ದೊಡ್ಡ ಹಕ್ಕಿ, ಅಷ್ಟೇ. ಶಕುನ ನೋಡುವವರು ಅದನ್ನು ನೋಡಿ ನೋಡಿ, ಹಕ್ಕಿಯ ಹೆಸರೇ ಶಕುನದ ಹೆಸರಾಯಿತು. ನಮ್ಮಪ್ಪ ಮೀನು ಹೆಚ್ಚುವಾಗ ತಲೆಗಳನ್ನೆಲ್ಲ ಅದಕ್ಕೇ ಎಸೆಯುತ್ತಿದ್ದ. ಕ್ಲೇಡೋನ್ ಅಂದರೆ ಅಕಸ್ಮಾತ್ತಾಗಿ ಕಿವಿಗೆ ಬಿದ್ದ ಮಾತು. ಮೂಲದಲ್ಲಿ ಅದು ಕರೆ, ಮಗಾ. ಕತ್ತಲಾಗುವಾಗ ಅಮ್ಮ ಮಾಳಿಗೆಯ ಮೇಲೆ ನಿಂತು ನನ್ನ ಹೆಸರು ಹಿಡಿದು ಕೂಗುತ್ತಿದ್ದಳಲ್ಲ, ಅಂಥದ್ದು."

"ಬಸ್ಕಾನಿಯಾ?"

"ಅದಕ್ಕೆ ಒಳ್ಳೆಯ ಅರ್ಥ ಇಲ್ಲ," ಎಂದಳು ಮಿರ್ಟೋ. "ಅದು ಹೊಟ್ಟೆಕಿಚ್ಚು. ಅದಕ್ಕೆ ಏನು ಮಾಡಬೇಕೋ ನನಗೂ ಗೊತ್ತಿಲ್ಲ."

ಏಚ ಒಣಮೀನಿನ ಬುತ್ತಿ ಕಟ್ಟಿಕೊಂಡು ದೋಣಿ ಇಳಿಸಿದ. ಅಳಿವೆಯ ಬಾಯಲ್ಲಿ ಒಂದು ಮರಳದಿಬ್ಬ ಇತ್ತು. ಅಲ್ಲಿಗೆ ಬಂದಾಗ ಬಿಸಿಲು ಮಂಕಾಯಿತು. ಓಯೋನೋಸ್ ಅವನ ಎಡಗಡೆಯಿಂದ ಹಾರಿ ಬಂತು. ಏಚನ ಪಾದ ಕಲ್ಲಾಯಿತು, ಮೀನಖಂಡ ಕಲ್ಲಾಯಿತು. ಅವನಿಗೆ ಕಣ್ಣು ಮುಚ್ಚಿಕೊಳ್ಳಬೇಕೆನಿಸಿತು. ಮುಚ್ಚಲಿಲ್ಲ. ಹಕ್ಕಿಯನ್ನು ಹಕ್ಕಿಯಂತೆಯೇ ನೋಡಿದ. ಅದರ ಕತ್ತು ಬಡಕಲಾಗಿತ್ತು, ಎದೆಯ ಮೂಳೆ ಎದ್ದು ಕಾಣುತ್ತಿತ್ತು. ದೋಣಿಗಳು ನಿಂತ ಮೇಲೆ ಅದಕ್ಕೆ ಮೀನು ಹಾಕುವವರು ಯಾರು?

"ಬಾ, ತಿನ್ನು," ಎಂದು ಏಚ ಬುತ್ತಿ ಬಿಚ್ಚಿ ಎಸೆದ. ಹಕ್ಕಿ ಕೆಳಗಿಳಿದು ತಿಂದಿತು. ತಿನ್ನುತ್ತ ತಿನ್ನುತ್ತ ಚಿಕ್ಕದಾಗಿ, ಎಲ್ಲ ಕಡಲಹದ್ದುಗಳಷ್ಟೇ ಆಯಿತು. ಏಚನ ಕಾಲಿಗೆ ಜೀವ ಬಂತು.

ಕರಿಕುರುವದ ಬುಡದಲ್ಲಿ ಗವಿಯಿತ್ತು. ಗೋಪುರಕ್ಕೆ ದಾರಿ ಅದರೊಳಗಿಂದಲೇ. ಏಚ ಒಳಗೆ ಕಾಲಿಟ್ಟೊಡನೆ ಬೂದು ನರಿ ಎದುರು ಬಂದು ಹೆಂಗಸಿನ ದನಿಯಲ್ಲಿ ಹೇಳಿತು: "ಮನೆಯ ದೀಪ ಆರಿತು." ಇನ್ನೊಂದು ದನಿಯಲ್ಲಿ ಹೇಳಿತು: "ಇನ್ನು ಬಂದರೂ ಸಿಗುವುದಿಲ್ಲ."

ಏಚ ತಡೆದು ನಿಂತ. ಅಜ್ಜಿ ಹೋಗಿಬಿಟ್ಟಳೇ? ವಾಪಸು ಹೋಗಲೇ? ಹಿಂದಕ್ಕೆ ತಿರುಗಿಯೂಬಿಟ್ಟ. ಅಷ್ಟರಲ್ಲಿ, ಮಾಳಿಗೆಯ ಮೇಲೆ ನಿಂತು ಕೂಗುತ್ತಿದ್ದ ತನ್ನ ಅಮ್ಮನ ಬಗ್ಗೆ ಅಜ್ಜಿ ಹೇಳಿದ್ದು ನೆನಪಾಯಿತು. ಕರೆದರೆ ಮಾಡಬೇಕಾದುದು ಒಂದೇ.

"ಓ," ಎಂದು ಓಗೊಟ್ಟ ಏಚ. "ಯಾರಮ್ಮ? ಇಲ್ಲಿದ್ದೇನೆ."

ನರಿ ತಬ್ಬಿಬ್ಬಾಯಿತು. ಈವರೆಗೆ ಯಾರೂ ಅದಕ್ಕೆ ಉತ್ತರ ಕೊಟ್ಟಿರಲಿಲ್ಲ. ಅದು ಕೂಗಿದಾಗಲೆಲ್ಲ ಏಚ ಓಗೊಟ್ಟ. ಆಗ ಅದರ ಬಾಯಿಂದ ಮಾತಿನ ಉಳಿದರ್ಧವೂ ಬಂತು: "ಮನೆಯ ದೀಪ ಆರಿತು, ಸ್ವಲ್ಪ ಎಣ್ಣೆ ತಾ." "ಇನ್ನು ಬಂದರೂ ಸಿಗುವುದಿಲ್ಲ, ಕಡುಬು ಖಾಲಿ." ಏಚನಿಗೆ ನಗುವೂ ಬಂತು, ಅಳುವೂ ಬಂತು. ನರಿ ಬಾಲ ಮಡಿಚಿ ಪಕ್ಕಕ್ಕೆ ಮಲಗಿತು.

ಗೋಪುರದ ತುದಿಯಲ್ಲಿ ಲೈಕೋನ್ ಹೊನ್ನಳಿವೆಯ ಕಡೆ ಮುಖ ಮಾಡಿ ಕುಳಿತಿದ್ದ. ತಿರುಗಿ ಏಚನನ್ನು ನೋಡಿದ. ನೋಡಿದ್ದೇ ತಡ, ಏಚನ ಎಡಗೈ ಬೆರಳುಗಳು ಒಣಗಿದವು. ಬಸ್ಕಾನಿಯಾ ಇದ್ದದ್ದು ಅವನ ಕಣ್ಣಿನಲ್ಲೇ.

"ತಲೆ ತಗ್ಗಿಸು," ಎಂದ ಲೈಕೋನ್. "ಎಲ್ಲರೂ ತಗ್ಗಿಸುತ್ತಾರೆ."

ಏಚ ತಗ್ಗಿಸಲಿಲ್ಲ. ಅವನ ಮುಂಗೈ ಒಣಗಿತು. "ಅಜ್ಜಾ, ನಿನ್ನ ಊರು ಯಾವುದು?" ಎಂದ.

ಲೈಕೋನ್ ಇನ್ನಷ್ಟು ದಿಟ್ಟಿಸಿದ. ಏಚನ ಮೊಣಕೈ ಒಣಗಿತು.

"ನಮ್ಮಜ್ಜಿಯೂ ನಿಮ್ಮವಳೇ. ಮಾಳಿಗೆಯ ಮನೆ, ಬಿಳಿಕಲ್ಲಿನ ದಡ, ಗುಡ್ಡದ ತುಂಬ ಆಡು ಎನ್ನುತ್ತಾಳೆ. ನಿಮ್ಮದೂ ಹಾಗೇನಾ?"

"ಇತ್ತು," ಎಂದ ಲೈಕೋನ್. ಬಹಳ ದಿನ ಮಾತಾಡದ ಅವನ ದನಿ ಒಡೆದಿತ್ತು. "ಭೂಮಿ ನಡುಗಿತು, ಕಡಲು ಮೇಲೆ ಬಂತು. ಇಡೀ ದ್ವೀಪ ಒಳಗೆ ಹೋಯಿತು. ನಾನು ಹಡಗಿನಲ್ಲಿದ್ದೆ, ಉಳಿದೆ. ಮರುವರ್ಷ ಇಲ್ಲಿ ಬಂದು ನೋಡಿದರೆ ನಿಮ್ಮ ದಡದ ತುಂಬ ಬೆಂಕಿ, ಹಾಡು, ಮಕ್ಕಳು. ನನಗೆ ತಡೆಯಲಾಗಲಿಲ್ಲ."

ಏಚ ಮುಖ ತಿರುಗಿಸದೆ ಪೂರ್ತಿ ಕೇಳಿಸಿಕೊಂಡ. ತನ್ನ ಮುಖವನ್ನು ಯಾರಾದರೂ ಹೀಗೆ ನೋಡಿ ಎಷ್ಟು ಕಾಲವಾಗಿತ್ತೋ, ಲೈಕೋನ್ ಮಗುವಿನಂತೆ ಅಳತೊಡಗಿದ. ಆ ನೀರಿನಲ್ಲಿ ಅವನ ಕಣ್ಣಿನ ಕಿಚ್ಚು ತೊಳೆದುಹೋಯಿತು. ಗೋಪುರದ ಕಲ್ಲುಗಳು ಸಡಿಲಗೊಂಡು ಒಂದೊಂದಾಗಿ ಕಡಲಿಗೆ ಉರುಳಿದವು.

"ಇಡೀ ಊರನ್ನು ಹಾಳು ಮಾಡಿದೆ," ಎಂದ ಏಚ. "ಕ್ಷಮಿಸುವುದು ನನ್ನ ಕೈಲಿಲ್ಲ. ಬೇಗ ದೋಣಿ ಹತ್ತು, ಇವತ್ತೇ ಅಮಾವಾಸ್ಯೆ, ನೀರು ಇಳಿಯುತ್ತಿದೆ."

ಅವರು ದಡ ಮುಟ್ಟುವ ಹೊತ್ತಿಗೆ ಮಿರ್ಟೋಳ ಕೈಗೆ ಹಗ್ಗ ಕಟ್ಟಿ ದೋಣಿಯಲ್ಲಿ ಕೂರಿಸಿಯಾಗಿತ್ತು. ಕಡಲಹದ್ದು ಜನರ ಎಡಗಡೆಯೇ ಹಾರಿ ಬಂತು. ಎಲ್ಲರೂ ಮುಖ ಮುಚ್ಚಿಕೊಂಡರು.

"ಅದು ಹಕ್ಕಿ," ಎಂದು ಏಚ ಕೂಗಿದ. "ಹಸಿದಿದೆ. ಮೀನಿದ್ದರೆ ಹಾಕಿ."

ಯಾರಿಗೂ ಏನೂ ಆಗದ್ದನ್ನು ಕಂಡು ಒಬ್ಬ ಹೆಂಗಸು ಮೀನೊಂದನ್ನು ಮೇಲಕ್ಕೆಸೆದಳು. ಹದ್ದು ಅದನ್ನು ಗಾಳಿಯಲ್ಲೇ ಹಿಡಿಯಿತು. ಹಿಂದೆ ಕಲ್ಲಾಗಿದ್ದವರ ಕಾಲಿಗೂ ಜೀವ ಬಂತು. ಮುಖಕ್ಕೆ ಮಸಿ ಬಳಿದಿದ್ದ ಮಗುವೊಂದು ಕಿಲಕಿಲ ನಕ್ಕಿತು. ಗೊಜ್ಜಿಗ ಅರಸ ಸೊಂಟದವರೆಗೆ ನೀರಿಗಿಳಿದು ತಾನೇ ಮಿರ್ಟೋಳ ದೋಣಿಯನ್ನು ದಡಕ್ಕೆಳೆದ.

"ತಪ್ಪಾಯಿತು ಅಜ್ಜಿ," ಎಂದ.

"ಮೊದಲು ಹಗ್ಗ ಬಿಚ್ಚು ಒಡೆಯಾ," ಎಂದಳು ಮಿರ್ಟೋ. "ಮಾತು ಆಮೇಲೆ."

ಏಚ ನಡೆದದ್ದನ್ನೆಲ್ಲ ಹೇಳಿದ ಮೇಲೆ, ಕೆಟ್ಟು ನಿಂತ ದೋಣಿಗಳನ್ನೆಲ್ಲ ಸರಿಮಾಡಿ ನೀರಿಗಿಳಿಸಬೇಕೆಂದು ಅರಸ ಲೈಕೋನನಿಗೆ ಆಜ್ಞೆ ಮಾಡಿದ. ಅವನು ವರ್ಷವಿಡೀ ಬಿಸಿಲಲ್ಲಿ ಕುಳಿತು ಆ ಕೆಲಸ ಮಾಡಿದ. ಮೊದಮೊದಲು ಜನ ದೂರ ಸುತ್ತಿ ಹೋಗುತ್ತಿದ್ದರು. ಆಮೇಲೆ ಯಾರೋ ಒಬ್ಬಳು ಗಂಜಿ ತಂದಿಟ್ಟಳು.

ಮಿರ್ಟೋ ದಿನವೂ ಮೊಮ್ಮಗನ ಒಣಗಿದ ಕೈಗೆ ಎಣ್ಣೆ ತಿಕ್ಕುತ್ತಿದ್ದಳು. "ನಮ್ಮವರಿಗೆ ಎಡ ಅಂದರೆ ಭಯ," ಎಂದು ಹೇಳುತ್ತಿದ್ದಳು. "ಭಯಕ್ಕೇ ಎಡಗೈಗೆ ಅರಿಸ್ಟೆರಾ ಅಂತ ಹೆಸರಿಟ್ಟರು. ಹೆಚ್ಚು ಒಳ್ಳೆಯದು ಅಂತ ಅದರ ಅರ್ಥ. ಸುಳ್ಳು ಹೇಳಿ ಪುಸಲಾಯಿಸುವುದು." ಆ ಕೈ ನಿಧಾನವಾಗಿ ತುಂಬಿಕೊಂಡಿತು.

ಮರುವರ್ಷ ಯವನರ ಹಡಗುಗಳು ಬಂದವು. ದಡದಲ್ಲಿ ಮತ್ತೆ ಮೀನು ಸುಟ್ಟ ವಾಸನೆ ಎದ್ದಿತು. ಮಿರ್ಟೋ ಮತ್ತು ಲೈಕೋನ್ ದಡಕ್ಕೆಳೆದ ದೋಣಿಯೊಂದರ ನೆರಳಲ್ಲಿ ಕುಳಿತು ತಮ್ಮ ಭಾಷೆಯಲ್ಲಿ ಜಗಳವಾಡುತ್ತಿದ್ದರು.

"ನಮ್ಮಲ್ಲಿ ಸಂಜೆ ಕಡಲಿನಿಂದ ತಣ್ಣಗೆ ಒಂದು ಗಾಳಿ ಬರುತ್ತಿತ್ತಲ್ಲ," ಎಂದಳು ಮಿರ್ಟೋ, "ಅದಕ್ಕೆ ಏನನ್ನುತ್ತಿದ್ದರು?"

ಲೈಕೋನನಿಗೂ ಮರೆತಿತ್ತು. ಇಬ್ಬರೂ ಆ ಹೆಸರನ್ನು ಹುಡುಕುತ್ತ ಕತ್ತಲಾಗುವವರೆಗೆ ಕುಳಿತರು. ಹುಡುಕುತ್ತಿದ್ದ ಹಾಗೆಯೇ ಹೊನ್ನಳಿವೆಯ ಮೇಲೆ ತಣ್ಣನೆಯ ಗಾಳಿ ಬೀಸಿತು, ಮಕ್ಕಳು ದಡದುದ್ದಕ್ಕೂ ಓಡಿದರು, ಮನೆಗಳ ಜಗಲಿಯಿಂದ ತಾಯಂದಿರು ಅವರ ಹೆಸರು ಹಿಡಿದು ಕೂಗಿದರು. ಆ ರಾಜ್ಯ ಇದ್ದಷ್ಟು ಕಾಲವೂ ಅಲ್ಲಿನ ಸಂಜೆಗಳು ಹಾಗೇ ಇದ್ದವು, ಅಲ್ಲಿನ ಜನ ಸುಖವಾಗಿದ್ದರು.