ಪಕ್ಕದ ಗುಳಿಯ ಗಾಳಿ

“ನನ್ನ ಪ್ಲೇಟ್‌ಗೆ ಕೈ ಹಾಕಿದ್ದು ನೀನೇ ತಾನೆ?”

ಲ್ಯಾಬಿನಲ್ಲಿ ಸಿಡಿಲು ಎಂದೇ ಹೆಸರಾದವಳು ಸಿಡಿದಳು. ಕೋಶ ಬೆಳೆಸುವ ಇನ್‌ಕ್ಯುಬೇಟರಿನ ಒಂದೇ ಶೆಲ್ಫನ್ನು ಅವಳೊಂದಿಗೆ ಹಂಚಿಕೊಂಡಿದ್ದ ಮೆಲ್ಲಪ್ಪ ಕನ್ನಡಕ ಸರಿಪಡಿಸಿಕೊಂಡ. ಮೆಲ್ಲಗೆ ನಡೆದು, ಮೆಲ್ಲಗೆ ಮಾತಾಡಿ, ಎಲ್ಲರ ಊಟ ಮುಗಿದರೂ ಇನ್ನೂ ಮೆಲ್ಲುತ್ತಲೇ ಇರುವವನಿಗೆ ಗೆಳೆಯರು ಇಟ್ಟ ಹೆಸರು ಅದು.

“ನಿನ್ನ ಪ್ಲೇಟ್ ಮುಟ್ಟೋ ಧೈರ್ಯ ಇದ್ದಿದ್ರೆ, ನಿನ್ನನ್ನ ಯಾವತ್ತೋ ಕಾಫಿಗೆ ಕರೀತಿದ್ದೆ.”

ಅವಳ ಕೋಪ ಅರೆಗಳಿಗೆ ದಾರಿ ತಪ್ಪಿತು. ಹುಬ್ಬು ಗಂಟಿಕ್ಕಿಕೊಂಡೇ ಇತ್ತು. ತುಟಿ ಮಾತ್ರ ಎದುರು ಪಕ್ಷ ಸೇರಿತ್ತು.

ಜನ ಪ್ರೀತಿಯನ್ನು ಹೃದಯದಲ್ಲಿ ಹುಡುಕುತ್ತಾರೆ. ಇವರದು ಕರುಳಿನ ವಿಷಯ. ಅದರಲ್ಲೂ ದೊಡ್ಡ ಕರುಳಿನ ಕ್ಯಾನ್ಸರ್. ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಡುವ ಮದ್ದನ್ನು ಆ ಕೋಶಗಳಿಗೆ ಹಾಕಿ, ಅವು ಸಾಯುವುದನ್ನು ತೋರಿಸುವುದು ಅವಳ ಪಿಎಚ್‌ಡಿ ಕೆಲಸ. ಪ್ಲೇಟಿನ ಪುಟ್ಟ ಗುಳಿಗಳಲ್ಲಿ ಮದ್ದು ಬಿದ್ದ ಸಾಲು ಸತ್ತಿತ್ತು, ಸರಿ. ಮದ್ದೇ ಹಾಕದ ಒಂದು ಸಾಲು ಮಾತ್ರ ಮಾವನ ಮನೆ ಸೇರಿದ ಅಳಿಯನಂತೆ ಕೊಬ್ಬಿತ್ತು.

ಮೆಲ್ಲಪ್ಪ ಪ್ಲೇಟನ್ನು ಬೆಳಕಿಗೆ ಹಿಡಿದ. ಬಣ್ಣ ಗಾಢವಾದಷ್ಟೂ ಕೋಶ ಜಾಸ್ತಿ.

“ಮದ್ದಿಲ್ಲದ ಸಾಲು ಎರಡಿವೆ. ದೂರದ್ದು ತೆಪ್ಪಗಿದೆ. ಮದ್ದಿನ ಪಕ್ಕದ್ದು ಮಾತ್ರ ಹಿಗ್ಗಿದೆ. ಯಾಕೆ?”

“ಅಯ್ಯೋ, ಅನಿಲ!” ಅವಳು ಹಣೆ ಚಚ್ಚಿಕೊಂಡಳು. “ಪಕ್ಕದ ಗುಳಿಗೆ ಸೋರಿದೆ! ಒಂದೇ ಪ್ಲೇಟಲ್ಲಿ ಮಗ್ಗುಲಿಗಿಟ್ಟಿದ್ದು ನನ್ನದೇ ತಪ್ಪು. ಆದ್ರೆ ಅಷ್ಟು ಚೂರು ಅನಿಲಕ್ಕೇ ಇಷ್ಟು ಬೆಳೆಯೋದಾ?”

“ಪಕ್ಕದೋರ ಗಾಳಿ ಬಡಿಯೋದು ಅಂದ್ರೆ ಇದೇ. ನನ್ನನ್ನೇ ನೋಡು, ಎಷ್ಟು ಕಾಲದಿಂದ ನಿನ್ನ ಪಕ್ಕ ಇದೀನಿ.”

“ಇದ್ದು ಸಾಯ್ತಿದೀಯೋ, ಬೆಳೀತಿದೀಯೋ?”

“ಡೋಸ್ ನೋಡಿ ಹೇಳ್ತೀನಿ.”

ಬೇರೆ ಬೇರೆ ಪ್ಲೇಟುಗಳಲ್ಲಿ ಇಬ್ಬರೂ ಮತ್ತೆ ಮತ್ತೆ ಮಾಡಿ ನೋಡಿದರು. ಉತ್ತರ ಬದಲಾಗಲಿಲ್ಲ. ಹೆಚ್ಚು ಅನಿಲ ಕ್ಯಾನ್ಸರನ್ನು ಕೊಲ್ಲುತ್ತಿತ್ತು. ಚೂರೇ ಚೂರು ಅನಿಲ ಅದನ್ನು ಸಾಕುತ್ತಿತ್ತು.

ಇಬ್ಬರ ಪಿಎಚ್‌ಡಿಗೂ ಗೈಡ್ ಆಗಿದ್ದ ಪ್ರೊಫೆಸರಿಗೆ ಅದು ಸೇರಲಿಲ್ಲ. ಇದು ಕೊಲ್ಲುವ ಅನಿಲ ಎಂದು ಊರೆಲ್ಲ ಸಾರಿಕೊಂಡು ಬಂದವರು ಅವರು.

“ಚಿಕ್ಕ ಡೋಸಿನ ಫಲಿತಾಂಶ ತೆಗೆದುಹಾಕು. ನಾಳೆ ಡಾಕ್ಟರುಗಳು ಬರ್ತಾರೆ, ರೋಗಿಗಳ ಮೇಲೆ ಪ್ರಯೋಗ ಶುರು ಮಾಡೋ ಮಾತಾಡೋಕೆ. ಆಗಲ್ಲ ಅಂದ್ರೆ ನಿನ್ನ ಬದಲು ಮೆಲ್ಲಪ್ಪ ಮಾತಾಡ್ತಾನೆ.”

ತೆಗೆಯದಿದ್ದರೆ ಪಿಎಚ್‌ಡಿ ಹೋಗುತ್ತದೆ, ತೆಗೆದರೆ ನಿದ್ದೆ. ಅವಳು ಬೆಂಚಿಗೆ ಬಂದು, ಮೂಗು ಹಿಡಿದು, ಅವರದೇ ದನಿಯಲ್ಲಿ ಗೊಣಗಿದಳು: “ವಿಜ್ಞಾನದಲ್ಲಿ ಶಿಸ್ತು ಬೇಕಮ್ಮಾ, ಶಿಸ್ತೂ!” ಕಣ್ಣು ಮಾತ್ರ ತುಂಬಿತ್ತು. “ಹೋಗು ಮಹಾರಾಯ, ನೀನೇ ಮಾತಾಡು.”

“ನನ್ನನ್ನೂ ಕರೆದಿದ್ರು. ಆಗಲ್ಲ ಅಂತ ಹೇಳಿ ಬಂದೆ.”

“ಮೆಲ್ಲಗಾ?”

“ಕೂಗಿದೆ. ನನ್ನ ದನಿಗೆ ನಾನೇ ಬೆಚ್ಚಿಬಿದ್ದೆ ಕಣೆ.”

ಅವಳು ಅವನನ್ನು ಈಗಷ್ಟೇ ಕಂಡವಳಂತೆ ನೋಡಿದಳು. ಕನ್ನಡಕದ ಹಿಂದಿನ ಕಣ್ಣುಗಳಲ್ಲಿ ಹೆದರಿಕೆ ಇನ್ನೂ ಆರಿರಲಿಲ್ಲ; ಆದರೂ ಅವು ಅವಳಿಂದ ಕದಲಲಿಲ್ಲ.

ಮರುದಿನ ಸಭಾಂಗಣದಲ್ಲಿ ಗೈಡ್ ತಾವೇ ಮಾತಿಗೆ ನಿಂತಿದ್ದರು. ಯಾರೂ ಕರೆಯದೆ ವೇದಿಕೆ ಹತ್ತಿದ ಸಿಡಿಲು ಮೈಕನ್ನು ತನ್ನತ್ತ ಎಳೆದುಕೊಂಡಳು.

“ಈ ಮದ್ದು ಗಡ್ಡೆಗೆ ಪೂರ್ತಿ ತಲುಪಿದ್ರೆ ಕೊಲ್ಲಬಹುದು. ಅರೆಬರೆ ತಲುಪಿದ್ರೆ? ನಮ್ಮ ಪ್ಲೇಟಲ್ಲಿ ಕ್ಯಾನ್ಸರ್ ಬೆಳೀತು. ಇದನ್ನ ಮುಚ್ಚಿಟ್ಟು ಸಿಗೋ ಪಿಎಚ್‌ಡಿ ನನಗೆ ಬೇಡ.”

ಮುಂದಿನ ಸಾಲಿನ ಹಿರಿಯ ವೈದ್ಯೆ ಪೆನ್ ತೆಗೆದರು. “ಹಾಗಿದ್ರೆ ಈಗಲೇ ರೋಗಿಗೆ ಕೊಡೋ ಮಾತೇ ಇಲ್ಲ. ಆ ಫಲಿತಾಂಶದ ಗ್ರಾಫ್ ತೋರಿಸಮ್ಮ.”

ಗೈಡ್ ಮುಖ ಕೆಂಡವಾಯಿತು. “ನಾಳೆಯಿಂದ ಬೇರೆ ಗೈಡ್ ಹುಡುಕ್ಕೋ!”

“ಇಬ್ಬರಿಗೆ ಹುಡುಕ್ಬೇಕು, ಸರ್.” ಹಿಂದಿನ ಸಾಲಿನಿಂದ ಮೆಲ್ಲಪ್ಪ ಎದ್ದ. “ಆ ಗ್ರಾಫಲ್ಲಿ ನನ್ನ ಕೈಯೂ ಇದೆ.”

“ಅವಳಿಗೂ ನಿನಗೂ ಏನಯ್ಯಾ ಸಂಬಂಧ?”

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು: “ನಾನು ಅವನನ್ನ ಪ್ರೀತಿಸ್ತೀನಿ, ಸರ್. ಅವನಿಗೇ ಇನ್ನೂ ಹೇಳಿಲ್ಲ. ನೀವು ಕೇಳಿದ್ರಿ, ಅದಕ್ಕೆ ನಿಮಗೇ ಮೊದಲು.”

ಕುರ್ಚಿಗಳ ನಡುವೆ ನಡೆದು ಬಂದು ಅವನು ಅವಳ ಪಕ್ಕ ನಿಂತ. ಕಿವಿಯ ತುದಿಯವರೆಗೂ ಕೆಂಪಾಗಿದ್ದ.

“ಮೈಕ್ ಆನ್ ಇದೆ ಕಣೆ,” ಎಂದು ಪಿಸುಗುಟ್ಟಿದ.

“ಇರಲಿ. ನೀನೂ ಅದರಲ್ಲೇ ಹೇಳು.”

ಅವನು ಗೈಡ್ ಕಡೆ ನೋಡಲಿಲ್ಲ. ಮೈಕಿಗೆ ಬಾಗಿದ.

“ನನ್ನ ಫಲಿತಾಂಶವೂ ಅದೇ.”