ಬಯಕೆಗೆ ಕೂತವಳು

ಎಂಬತ್ತೇಳರ ಚಳಿಗಾಲದಲ್ಲಿ, ಗಲ್ಫಿನ ಹಮ್ರಿಯಾದ ಫ್ಲ್ಯಾಟಿನಲ್ಲಿ, ಉಮಾವತಿಯನ್ನು ಬಯಕೆ ಶಾಸ್ತ್ರಕ್ಕೆ ಕೂರಿಸಿದರು. ತಾನು ಬಸುರಿ ಎಂದು ಅವಳು ಯಾರಿಗೂ ಹೇಳಿರಲಿಲ್ಲ. ಮುಟ್ಟು ನಿಂತಿತ್ತು, ಹೊಟ್ಟೆ ಮುಂದೆ ಬಂದಿತ್ತು. ಉಳಿದದ್ದನ್ನು ಕಟ್ಟಡದ ತುಳು ಹೆಂಗಸರೇ ತೀರ್ಮಾನಿಸಿಕೊಂಡಿದ್ದರು. ಪಕ್ಕದ ಮನೆಯ ಕುಸುಮ ಹಸಿರು ಬಳೆ ತೊಡಿಸಿದಳು.

ಬಾಗಿಲ ಬಳಿ ನಿಂತಿದ್ದ ಗಂಡ ದೂಮಪ್ಪ ಅವಳನ್ನೇ ನೋಡುತ್ತಿದ್ದ. ಅವಳು ತಲೆಯೆತ್ತಿದರೆ ಕಿಟಕಿಯ ಕಡೆ ತಿರುಗುತ್ತಿದ್ದ, ತಗ್ಗಿಸಿದರೆ ಮತ್ತೆ ನೋಡುತ್ತಿದ್ದ. ಮದುವೆಯಾಗಿ ಇಷ್ಟು ವರ್ಷವಾದರೂ ಕದ್ದು ನೋಡುವ ಚಾಳಿ ಬಿಟ್ಟಿರಲಿಲ್ಲ.

ಆ ನೋಟಕ್ಕಾಗಿಯೇ ಅವಳು ಯಾರನ್ನೂ ತಿದ್ದಿರಲಿಲ್ಲ. ಎಸಿ ಆರಿಸಿದ ಮಧ್ಯಾಹ್ನಗಳಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ಕಾಯುತ್ತಿದ್ದಳು. ಒಳಗೆ ಏನೂ ಕದಲುತ್ತಿರಲಿಲ್ಲ. ಆದರೂ ಅದು ಬೆಳೆಯುತ್ತಿತ್ತು. ದೂಮಪ್ಪ ಕಿವಿಯಿಟ್ಟು ಕೇಳಿ, “ನಿದ್ದೆ ಮಾಡ್ತಾ ಉಂಟು. ನಿನ್ನ ಹಾಗೆಯೇ ಸೋಮಾರಿ,” ಎಂದು ನಗಿಸುತ್ತಿದ್ದ.

ಕೆಳಗಿನ ಮನೆಯ ಬ್ಯಾರಿ ಮುದುಕಿ ಐಶಮ್ಮ ಹರಸಲೆಂದು ಅಂಗೈಯನ್ನು ಆ ಹೊಟ್ಟೆಯ ಮೇಲಿಟ್ಟರು. ತುಟಿಯಲ್ಲಿದ್ದ ದುವಾ ಅರ್ಧಕ್ಕೇ ನಿಂತಿತು. ನಾಳೆಯೇ ಆಸ್ಪತ್ರೆಗೆ ಹೋಗು ಎಂದು ಕಿವಿಯಲ್ಲಿ ಹೇಳಿ, ಪಾಯಸ ಮುಟ್ಟದೆ ಇಳಿದುಹೋದರು.

ಸ್ಕ್ಯಾನಿನಲ್ಲಿ ಮಗು ಇರಲಿಲ್ಲ. ಅಂಡಾಶಯದಲ್ಲಿ ಗಡ್ಡೆ, ಕ್ಯಾನ್ಸರೇ ಇರಬೇಕು, ಬೇಗ ತೆಗೆಯಬೇಕು ಎಂದರು ಡಾಕ್ಟರು.

ಹೊರಗೆ ಬೆಂಚಿನಲ್ಲಿ, ಅವಳ ಪಕ್ಕ, ದೂಮಪ್ಪನ ಕಂಪನಿಯ ಇಂಗ್ಲಿಷ್ ಮ್ಯಾನೇಜರನ ಹೆಂಡತಿ ಕೂತಿದ್ದಳು. ಕಡ್ಡಿಯಂಥ ಕೈಕಾಲು, ಉಬ್ಬಿದ ಹೊಟ್ಟೆ. ಎದುರಿನ ಕಪ್ಪು ಗಾಜಿನ ಬಾಗಿಲಲ್ಲಿ ಇಬ್ಬರೂ ಮೂಡಿದ್ದರು: ಒಂದೇ ಅಳತೆಯ ಎರಡು ಹೊಟ್ಟೆ, ಬಣ್ಣವಿಲ್ಲದ ಎರಡು ಮುಖ. ಯಾವುದು ತಾನೆಂದು ಉಮಾವತಿಗೆ ಒಂದು ಕ್ಷಣ ತಿಳಿಯಲಿಲ್ಲ. ಕೈಯೆತ್ತಿ ನೋಡಿದಳು. ಗಾಜಿನಲ್ಲಿ ಎರಡು ಕೈ ಎದ್ದವು.

ಇಬ್ಬರಿಗೂ ಒಂದೇ ಕಾಯಿಲೆ ಎಂದು ಮಂಗಳೂರಿನ ನರ್ಸ್ ಹಿಲ್ಡಾ ದೂಮಪ್ಪನನ್ನು ಮೂಲೆಗೆ ಕರೆದು ಹೇಳಿದಳು. ಮೇಡಮ್ಮಿಗೆ ಈ ವಾರ ಇಲ್ಲಿಯೇ ಆಪರೇಷನ್. ಉಮಾವತಿ ಊರಿಗೆ ಹೋಗಿ ಮಾಡಿಸಿಕೊಳ್ಳಬೇಕು.

“ಡಾಕ್ಟರು ಒಬ್ಬರೇ ಅಲ್ವಾ ಸಿಸ್ಟರ್?”

“ಬಿಳಿಯರಿಗೆ ಕಂಪನಿ ಬೆಡ್ ಮಾಡಿಸಿಕೊಡ್ತದೆ. ನಮ್ಮವರಿಗೆ ಟಿಕೆಟ್ ಕೊಡ್ತದೆ. ಬಂದಾಗಿನಿಂದ ನೋಡ್ತಾ ಇದ್ದೇನೆ ಅಣ್ಣ. ಜಗಳ ಮಾಡಿ ದಿನ ಕಳೀಬೇಡಿ. ಹೊರಡಿ.”

ಟಿಕೆಟ್ ಬಂದದ್ದು ಉಮಾವತಿಗೆ ಮಾತ್ರ. ದೂಮಪ್ಪನ ಪಾಸ್‌ಪೋರ್ಟ್ ವೀಸಾ ಕೊಟ್ಟ ಅರಬ ಯಜಮಾನ, ಕಫೀಲನ ಬಳಿ ಇತ್ತು. ಅವನು ದುಡಿಯುವ ರುಸೈಲಿನ ಫ್ಯಾಕ್ಟರಿಯಲ್ಲಿ ರಜೆ ಇಲ್ಲವೆಂದರು. ಹೊರಡುವ ದಿನ ಅವಳು ಅವನ ಮುಖ ನೋಡದೆ ಸೀರೆ ಮಡಚುತ್ತಿದ್ದಳು.

“ಗರ್ಭಕೋಶವನ್ನೂ ತೆಗೀತಾರಂತೆ. ಬಯಕೆ ದಿನವೇ ನಂಗೆ ಅನ್ನಿಸಿತ್ತು, ಇದು ಮಗು ಅಲ್ಲ ಅಂತ. ನೀವು ಹಾಗೆ ನೋಡ್ತಾ ಇದ್ರಿ, ಹೇಳ್ಲಿಕ್ಕೆ ಆಗ್ಲಿಲ್ಲ. ಇನ್ನು ನೀವು ಬೇರೆ ಮದುವೆ...”

ದೂಮಪ್ಪ ಜೇಬಿನಿಂದ ಪಾಸ್‌ಪೋರ್ಟ್ ತೆಗೆದು ಸೀರೆಗಳ ಮೇಲಿಟ್ಟ. ವೀಸಾ ರದ್ದಾಗಿತ್ತು, ಒಳಗೆ ಅವನ ಟಿಕೆಟೂ ಇತ್ತು. ಕೆಲಸ ಖಲಾಸ್ ಎಂದು ಕಫೀಲನಿಗೆ ಹೇಳಿ ಬಂದಿದ್ದ. ಇನ್ನು ಇಲ್ಲಿಗೆ ಮರಳುವ ದಾರಿಯಿರಲಿಲ್ಲ.

“ಮಗು ಬೇಕಿತ್ತು, ಸುಳ್ಳು ಹೇಳುವುದಿಲ್ಲ,” ಎಂದ. “ನಿನ್ನ ಮೂಗು, ನಿನ್ನ ಹುಬ್ಬು ಇರುವಂಥದ್ದು. ಅದೆಲ್ಲ ಇರುವವಳು ನೀನೇ ಇದ್ದೀಯಲ್ಲ ಮಾರಾಯ್ತಿ. ಮೊದಲು ನೀನು ಉಳಿ.”

ಸಂಜೆಯ ಬೊಂಬಾಯಿ ವಿಮಾನ ಬೋಳು ಗುಡ್ಡಗಳನ್ನು ಬಿಟ್ಟು ಸಮುದ್ರದ ಮೇಲೆ ಬಂದಿತು. ಅವಳ ಬೆರಳುಗಳಲ್ಲಿ ಬೆರಳು ಹೆಣೆದು ದೂಮಪ್ಪ ನಿದ್ದೆಹೋದ. ಉಮಾವತಿ ಎಚ್ಚರವಾಗಿದ್ದಳು. ಒಳಗಿದ್ದದ್ದು ಟಿಕೆಟಿಲ್ಲದೆ, ಯಾರ ಅಪ್ಪಣೆಯನ್ನೂ ಕೇಳದೆ, ಸದ್ದಿಲ್ಲದೆ ಜೊತೆಗೇ ಬರುತ್ತಿತ್ತು. ಬೊಂಬಾಯಿಯಿಂದ ಮಂಗಳೂರಿಗೆ ಇನ್ನೂ ಬಸ್ಸಿನ ದಾರಿ. ಅಷ್ಟರಲ್ಲಿ ಅದು ಎಷ್ಟು ಬೆಳೆದೀತೋ ಎಂದು ಯೋಚಿಸಲು ಅವಳಿಗೆ ಧೈರ್ಯ ಸಾಲಲಿಲ್ಲ. ಗಂಡನ ಹೆಗಲಿಗೆ ಒರಗಿದಳು. ನಿದ್ದೆಯಲ್ಲೂ ಅವನ ಹೆಬ್ಬೆರಳು ಅವಳ ಮಣಿಕಟ್ಟಿನ ಮೇಲೆ, ನಾಡಿ ಬಡಿಯುವಲ್ಲಿಯೇ, ಕಾವಲಿಗಿತ್ತು.